ಕರೆದಾಗಲೆಲ್ಲ ಬಂದವರಿಗೆ ಒಂದು ಪದಕ

ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಪ್ರತಿ ಬೇಸಿಗೆಗೆ ಹಳೆಯ ವಿದ್ಯಾರ್ಥಿಗಳ ಮೆರವಣಿಗೆ ಹೊರಡುತ್ತದೆ. ‘ಪಿ-ರೇಡ್’ ಅಂತ ಅದರ ಹೆಸರು. ಕಿತ್ತಳೆ–ಕಪ್ಪು ಬಣ್ಣದ ಕೋಟು ತೊಟ್ಟವರು ಬ್ಯಾಚು ಬ್ಯಾಚಾಗಿ ನಡೆಯುತ್ತಾರೆ. ಬಂದವರಲ್ಲಿ ಎಲ್ಲರಿಗಿಂತ ಹಳೆಯ ಬ್ಯಾಚಿನ ಹಿರಿಯರ ಕೈಗೆ ಬೆಳ್ಳಿ ಹಿಡಿಯ ಊರುಗೋಲು ಕೊಡುತ್ತಾರೆ. 1923ರ ಬ್ಯಾಚಿನ ಹೆಸರು ಹೊತ್ತ ಊರುಗೋಲು ಅದು. ಅದನ್ನು ಹಿಡಿಯಲು ನೊಬೆಲ್ ಬಂದಿರಬೇಕಿಲ್ಲ, ಕಂಪನಿ ಕಟ್ಟಿರಬೇಕಿಲ್ಲ. ಬದುಕಿರಬೇಕು, ಬರಬೇಕು, ಅಷ್ಟೇ. ನೂರು ದಾಟಿದವರೂ ಅದನ್ನು ಹಿಡಿದಿದ್ದಾರೆ.

ನಮ್ಮ ಕಾಲೇಜುಗಳ ಹಳೆಯ ವಿದ್ಯಾರ್ಥಿ ಸಂಘದ ವೇದಿಕೆ ನೆನಪಿಸಿಕೊಳ್ಳಿ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಯಾರಿಗೆ? ಐಎಎಸ್ ಆದವರಿಗೆ, ಮಂತ್ರಿಯಾದವರಿಗೆ, ಕ್ಯಾಲಿಫೋರ್ನಿಯಾದಿಂದ ರಜೆಗೆ ಬಂದವರಿಗೆ. ಅವರನ್ನು ಕರೆಯಲು ವಾರಗಟ್ಟಲೆ ಫೋನ್ ಮಾಡಿದವರು ವೇದಿಕೆಯ ಹಿಂದೆ ಕುರ್ಚಿ ಎಣಿಸುತ್ತಿರುತ್ತಾರೆ. ವಂದನಾರ್ಪಣೆಯಲ್ಲಿ ಅವರ ಹೆಸರು ಬರುವ ಹೊತ್ತಿಗೆ ಸಭಿಕರೆಲ್ಲ ಊಟದ ಸಾಲಿನಲ್ಲಿ.

ಅಮೆರಿಕದ ವಿಶ್ವವಿದ್ಯಾಲಯಗಳು ಹೀಗೆ ಕುರ್ಚಿ ಎಣಿಸುವವರಿಗೇ ಬೇರೆ ಗೌರವ ಇಟ್ಟಿವೆ. ಯೇಲ್ ಪದಕ 1952ರಿಂದ ಇದೆ, ಹಾರ್ವರ್ಡ್ ಪದಕ 1981ರಿಂದ. ಎರಡೂ ಸಲ್ಲುವುದು ಸಂಸ್ಥೆಗೆ ಮಾಡಿದ ಸೇವೆಗೆ. ಹೊರಗೆ ಗಳಿಸಿದ ಹೆಸರಿಗಲ್ಲ. ಸ್ಟ್ಯಾನ್‌ಫರ್ಡ್‌ನದು ‘ಗೋಲ್ಡ್ ಸ್ಪೈಕ್’, ಅಂದರೆ ಚಿನ್ನದ ಮೊಳೆ. 1869ರ ಮೇ 10ರಂದು ಯೂಟಾದಲ್ಲಿ ಪೂರ್ವ–ಪಶ್ಚಿಮದ ರೈಲು ಹಳಿಗಳು ಕೂಡಿದಾಗ ಚಿನ್ನದ ಮೊಳೆ ಹೊಡೆದವರು ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್. ತೀರಿಹೋದ ಮಗನ ನೆನಪಿಗೆ ಆ ವಿಶ್ವವಿದ್ಯಾಲಯ ಕಟ್ಟಿಸಿದವರೂ ಅವರೇ. ಹಳಿ ಹಾಸಿದ ಸಾವಿರಾರು ಚೀನೀ ಕೂಲಿಗಳ ಕೈಗೆ ಅಂದು ಯಾರೂ ಚಿನ್ನದ ಮೊಳೆ ಕೊಡಲಿಲ್ಲ. ಸದ್ದಿಲ್ಲದ ದುಡಿಮೆಗೆ ಸಲ್ಲುವ ಪದಕಕ್ಕೆ ಇದೇ ಹೆಸರು ಬಂದಿರುವುದು ಚರಿತ್ರೆಯ ತಮಾಷೆ.

ಇಂಥ ಪದಕ ಪಡೆಯುವವರು ಮಾಡುವ ಕೆಲಸವಾದರೂ ಏನು? ಬ್ಯಾಚಿನ ಕಾರ್ಯದರ್ಶಿಯನ್ನೇ ನೋಡಿ. ಪ್ರಿನ್ಸ್‌ಟನ್ ಹಳೆಯ ವಿದ್ಯಾರ್ಥಿಗಳ ಪತ್ರಿಕೆ 1900ರಲ್ಲಿ ಶುರುವಾಯಿತು. ಅದರಲ್ಲಿ ಪ್ರತಿ ಬ್ಯಾಚಿಗೂ ಒಂದು ಅಂಕಣ. ಬರೆಯುವವರು ಆ ಬ್ಯಾಚಿನವರೇ, ಸಂಬಳವಿಲ್ಲದೆ. ಮೊದಮೊದಲು ಸುದ್ದಿ ಸುಲಭ: ಯಾರಿಗೆ ಮದುವೆ, ಯಾರಿಗೆ ಮಗು, ಯಾರು ಯಾವ ಊರಿಗೆ ಹೋದರು. ಆಮೇಲೆ ನಿವೃತ್ತಿ, ಮೊಮ್ಮಕ್ಕಳು, ಮಂಡಿ ಶಸ್ತ್ರಚಿಕಿತ್ಸೆ. ಕೊನೆಗೆ ಸಾವು. ಅದೇ ಪತ್ರಿಕೆಯಲ್ಲಿ ತೀರಿಹೋದವರಿಗೆ ಪ್ರತ್ಯೇಕ ಪುಟಗಳಿವೆ. ಇಪ್ಪತ್ತರ ಹರೆಯದಲ್ಲಿ ಸಲಿಗೆಯಿಂದ ‘ನಾನು ನೋಡಿಕೊಳ್ತೀನಿ ಬಿಡು’ ಎಂದು ಒಪ್ಪಿಕೊಂಡ ಕೆಲಸ ಎಂಬತ್ತರಲ್ಲಿ ಗೆಳೆಯರ ಶ್ರದ್ಧಾಂಜಲಿ ಬರೆಯುವ ಕೆಲಸವಾಗುತ್ತದೆ. ಯಾರಿಗೆ ಪದಕ ಕೊಡಬೇಕು ಎಂದು ನನ್ನನ್ನು ಕೇಳಿದರೆ, ನನ್ನ ಮತ ಇವರಿಗೆ.

ಹಳೆಯ ವಿದ್ಯಾರ್ಥಿ ಸಂಘಗಳು ಹುಟ್ಟಿದ್ದು ಬರೀ ಪ್ರೀತಿಯಿಂದಲ್ಲ, ಭಯದಿಂದಲೂ ಹೌದು. ಮ್ಯಾಸಚೂಸೆಟ್ಸ್‌ನ ವಿಲಿಯಮ್ಸ್ ಕಾಲೇಜಿನ ಅಧ್ಯಕ್ಷರು 1821ರಲ್ಲಿ ಕೆಲವು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಆಮ್‌ಹರ್ಸ್ಟ್‌ನ ಹೊಸ ಕಾಲೇಜಿಗೆ ಹೊರಟುಬಿಟ್ಟರು. ಕಾಲೇಜು ಮುಚ್ಚಿಯೇ ಹೋಗುತ್ತದೆ ಎಂದಾಗ ಹಳೆಯ ವಿದ್ಯಾರ್ಥಿಗಳು ಸೇರಿ ಸಂಘ ಕಟ್ಟಿ ಅದನ್ನು ಉಳಿಸಿಕೊಂಡರು. ಆ ದೇಶದ ಇಂಥ ಸಂಘಗಳಲ್ಲೇ ಅತಿ ಹಳೆಯದು ಅದು. ಐದು ವರ್ಷಕ್ಕೆ ಪ್ರಿನ್ಸ್‌ಟನ್ನಿನದು ಹುಟ್ಟಿತು. ಮೊದಲ ಅಧ್ಯಕ್ಷರು ಜೇಮ್ಸ್ ಮ್ಯಾಡಿಸನ್, ದೇಶದ ಮಾಜಿ ಅಧ್ಯಕ್ಷರು!

ಈ ನಿಷ್ಠೆಗೆ ಇನ್ನೊಂದು ಮುಖವೂ ಇದೆ. ಸೇವೆಯಲ್ಲಿ ದೊಡ್ಡ ಪಾಲು ದೇಣಿಗೆ ಎತ್ತುವುದು. ಯೇಲ್ 1890ರಲ್ಲೇ ಅದಕ್ಕೆ ನಿಧಿ ತೆರೆದಿತ್ತು. ಯುಎಸ್ ನ್ಯೂಸ್ ಪತ್ರಿಕೆ ಕಾಲೇಜುಗಳಿಗೆ ಸ್ಥಾನ ಹಂಚುವಾಗ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟು ಜನ ಹಣ ಕೊಟ್ಟರು ಎಂಬುದನ್ನೂ 2023ರವರೆಗೆ ಲೆಕ್ಕ ಹಿಡಿಯುತ್ತಿತ್ತು. ನಿಷ್ಠೆಗೆ ಪ್ರತಿಫಲವೂ ಇತ್ತು: ಹಳಬರ ಮಕ್ಕಳಿಗೆ ಪ್ರವೇಶದಲ್ಲಿ ಆದ್ಯತೆ. ಆಮ್‌ಹರ್ಸ್ಟ್ 2021ರಲ್ಲಿ ಅದನ್ನು ಕೈಬಿಟ್ಟಿತು. ಹಲವು ಸಂಸ್ಥೆಗಳು ಇನ್ನೂ ಬಿಟ್ಟಿಲ್ಲ. ಮಗನ ಸೀಟಿನ ಮೇಲೆ ಕಣ್ಣಿಟ್ಟು ಮಾಡಿದ್ದು ಸೇವೆಯೇ ಎಂದು ಯಾರಾದರೂ ಕೇಳಿದರೆ ಪದಕ ಕೊಟ್ಟವರೂ ತಡವರಿಸಬೇಕಾದೀತು.

ನಮ್ಮಲ್ಲೂ ಈಗ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರು ಹಳೆಯ ವಿದ್ಯಾರ್ಥಿಗಳ ಕೊಡುಗೆ ಏನೆಂದು ಕೇಳುತ್ತಾರೆ. ಮೌಲ್ಯಮಾಪನದ ಸುಳಿವು ಸಿಕ್ಕಿದ್ದೇ ತಡ, ಮಲಗಿದ್ದ ಸಂಘಗಳು ಎದ್ದು ಕೂರುತ್ತವೆ. ಬಾಂಬೆ ಐಐಟಿಯಂಥ ಕೆಲವು ಕಡೆ ಸಾಧನೆಗೊಂದು, ಸಂಸ್ಥೆಯ ಸೇವೆಗೊಂದು ಎಂದು ಬೇರೆ ಬೇರೆ ಪ್ರಶಸ್ತಿಗಳಿವೆ. ರಾಜ್ಯದ ವಿಶ್ವವಿದ್ಯಾಲಯಗಳೂ ಇದನ್ನು ಮಾಡಬಹುದು, ಆದರೆ ಅಲ್ಲೊಂದು ತೊಡಕಿದೆ. ಮೈಸೂರು ವಿಶ್ವವಿದ್ಯಾಲಯ 1916ರದು. ಆದರೂ ಅಲ್ಲಿ ಓದಿದವರು ‘ನಾನು ಮಹಾರಾಜ ಕಾಲೇಜಿನವನು’, ‘ಯುವರಾಜದವಳು’ ಎನ್ನುತ್ತಾರೆಯೇ ಹೊರತು ವಿಶ್ವವಿದ್ಯಾಲಯದ ಹೆಸರು ಹೇಳುವುದು ಕಡಿಮೆ. ಧಾರವಾಡದಲ್ಲಿ ಓದಿದ ಎಷ್ಟೋ ಮಂದಿಗೆ ಕರ್ನಾಟಕ ವಿಶ್ವವಿದ್ಯಾಲಯಕ್ಕಿಂತ ಮುರುಘಾಮಠದ ಪ್ರಸಾದ ನಿಲಯವೇ ಹತ್ತಿರ. ಪದವಿಪತ್ರದ ಮೇಲೆ ಮುದ್ರೆ ಒತ್ತಿದ ಕಚೇರಿಗಿಂತ ಅನ್ನ ಹಾಕಿದ ಜಾಗಕ್ಕೆ ಮನಸ್ಸು ಅಂಟುವುದು ಸಹಜ ತಾನೆ? ಹಾಗಾಗಿ ಪ್ರಶಸ್ತಿಗೆ ಹೆಸರು ಆರಿಸುವುದನ್ನು ಕುಲಪತಿಗಳ ಕಚೇರಿಗೆ ಬಿಡದೆ ಕಾಲೇಜು, ಹಾಸ್ಟೆಲುಗಳಿಂದಲೇ ಶುರು ಮಾಡಬೇಕು. ಬ್ಯಾಚಿನ ವಾಟ್ಸ್‌ಆಪ್ ಗುಂಪು ನಡೆಸುವವರು, ನಿವೃತ್ತ ಮೇಷ್ಟ್ರ ವಿಳಾಸ ಹುಡುಕಿ ಗುರುವಂದನೆಗೆ ಕಾರು ಕಳಿಸುವವರು, ಬಡ ಹುಡುಗರ ಫೀಸಿಗೆ ಜೂನ್ ಬಂತೆಂದರೆ ನಾಲ್ಕು ಮನೆ ಬಾಗಿಲು ತಟ್ಟುವವರು ಪ್ರತಿ ಕಾಲೇಜಿನಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರು ಯಾರೆಂದು ಪ್ರಾಂಶುಪಾಲರಿಗೆ ಗೊತ್ತಿರದಿದ್ದರೂ ಕಚೇರಿಯ ಜವಾನರಿಗೆ ಗೊತ್ತಿರುತ್ತದೆ.