ಮೂಸೆಗೆ ಬೀಳುವ ಮುನ್ನ

ಬೋನಾಳವೆಂದೊಡನೆ ನಮ್ಮ ನೆನಪಿಗೆ ಬರುವುದು ಹಕ್ಕಿಗಳು. ಸುರಪುರದ ನಾಯಕ ಅರಸರ ಕಾಲದ ಆ ಕೆರೆಗೆ ಚಳಿಗಾಲದಲ್ಲಿ ದೂರದ ನಾಡುಗಳಿಂದ ಬಂದಿಳಿಯುವ ನೀರುಹಕ್ಕಿಗಳನ್ನು ನೋಡಲು ಜನ ಹೋಗುತ್ತಾರೆ. ಆದರೆ ಆ ಊರಿನ, ಅದರ ಸುತ್ತಣ ಸುರಪುರ, ಶಹಾಪುರ ಸೀಮೆಯ ಹಳೆಯ ಮನೆಗಳ ಸಂದೂಕಗಳಲ್ಲಿಯೂ ದೂರದಿಂದ ಬಂದ ಅತಿಥಿಗಳು ಇರುವುದುಂಟು. ಅವು ಬೆಳ್ಳಿಯ ನಾಣ್ಯಗಳು. ಇಂದಿನ ನನ್ನ ಮಾತು ಅವುಗಳನ್ನು ಕುರಿತದ್ದು.

ಸುರಪುರ ಸೀಮೆ 1860ರಲ್ಲಿ ನಿಜಾಮರ ಆಡಳಿತಕ್ಕೆ ಸೇರಿತು. 1948ರವರೆಗೆ ಅಲ್ಲಿಯೇ ಇತ್ತು. ಆ ಕಾಲದಲ್ಲಿ ಇಲ್ಲಿಯ ಸಂತೆಗಳಲ್ಲಿ ಎರಡು ಬಗೆಯ ರೂಪಾಯಿ ಓಡಾಡಿದವು. ಹೈದರಾಬಾದಿನ ಟಂಕಸಾಲೆಯದು ಹಾಲಿ ಸಿಕ್ಕಾ. ಬ್ರಿಟಿಷ್ ಸರಕಾರದ್ದು ಕಲ್ದಾರ. ಏಳು ಹಾಲಿಗೆ ಆರು ಕಲ್ದಾರ ಎಂಬುದು ರೂಢಿಯ ಲೆಕ್ಕ. ಕಲ್ದಾರ ರೂಪಾಯಿಯ ತೂಕ ಸರಿಯಾಗಿ ಒಂದು ತೊಲೆ. ಆದ್ದರಿಂದಲೇ ಅದನ್ನು ತಕ್ಕಡಿಯಲ್ಲಿ ತೂಕದ ಬಟ್ಟಾಗಿಯೂ ಬಳಸುತ್ತಿದ್ದರು. ಹಾಲಿ ರೂಪಾಯಿಯ ಮೇಲೆ ಚಾರ್‌ಮಿನಾರಿನ ಚಿತ್ರವಿದೆ. ಅದರ ನಡುಬಾಗಿಲಿನೊಳಗೆ ಒಂದು ಪುಟ್ಟ ಅಕ್ಷರವನ್ನು ಕಾಣಬಹುದು. ಅದು ‘ಮೀಮ್’ ಆದರೆ ಮೆಹಬೂಬ್ ಅಲಿ ಖಾನರ ಕಾಲದ್ದು; ‘ಐನ್’ ಆದರೆ ಉಸ್ಮಾನ್ ಅಲಿ ಖಾನರದು. ಒಂದು ಅಕ್ಷರದಿಂದ ಒಂದು ಆಳ್ವಿಕೆಯನ್ನು ಗುರುತಿಸಬಹುದು. ಮೂಸೆಯೊಳಗೆ ಬಿದ್ದ ಮೇಲೆ ಮೀಮೂ ಇಲ್ಲ, ಐನೂ ಇಲ್ಲ. ಇರುವುದು ಬೆಳ್ಳಿಯ ಮುದ್ದೆ.

ಬೆಳ್ಳಿಯ ಧಾರಣೆ ಏರಿದಾಗಲೆಲ್ಲ ಈ ಅಪಾಯ ಮರಳಿ ಬರುತ್ತದೆ. 1980ರ ಜನವರಿಯಲ್ಲಿ ಲೋಕದ ಪೇಟೆಯಲ್ಲಿ ಔನ್ಸ್ ಬೆಳ್ಳಿ ಸುಮಾರು 50 ಡಾಲರಿಗೆ ಏರಿತು. ಮಾರ್ಚಿ ಮುಗಿಯುವ ಮೊದಲೇ ಕುಸಿದುಬಿತ್ತು. ಆ ಕೆಲವು ವಾರಗಳಲ್ಲಿ ಅಮೆರಿಕದಲ್ಲಿ ರಾಶಿರಾಶಿ ಹಳೆಯ ನಾಣ್ಯಗಳು ಕರಗಿಹೋದವು. 2025ರ ಅಕ್ಟೋಬರಿನಲ್ಲಿ ಬೆಲೆ ಆ ಮಟ್ಟವನ್ನು ಮತ್ತೆ ದಾಟಿತು.

ನಾಣ್ಯಕ್ಕೆ ಮೂರು ಬೆಲೆಗಳುಂಟು. ಒಂದು ಮುಖಬೆಲೆ, ಎರಡನೆಯದು ಅದರೊಳಗಿನ ಲೋಹದ ಬೆಲೆ, ಮೂರನೆಯದು ಸಂಗ್ರಾಹಕನು ಕೊಡುವ ಬೆಲೆ. ಮೂರನೆಯದು ಎರಡನೆಯದಕ್ಕಿಂತ ಮೇಲಿರುವವರೆಗೆ ನಾಣ್ಯ ಸುರಕ್ಷಿತ. ಲೋಹದ ಬೆಲೆ ಏರಿ ಏರಿ ಸಂಗ್ರಾಹಕನ ಬೆಲೆಯನ್ನು ಮುಟ್ಟಿದ ದಿನ ಅಪರೂಪದ ನಾಣ್ಯಕ್ಕೂ ಸಾಮಾನ್ಯ ನಾಣ್ಯಕ್ಕೂ ಭೇದ ಉಳಿಯುವುದಿಲ್ಲ. ಇದರ ಪೆಟ್ಟು ಮೊದಲು ಬೀಳುವುದು ನಮ್ಮ ಕಾಲದ ಪ್ರೂಫ್ ನಾಣ್ಯಗಳ ಸೆಟ್ಟುಗಳಿಗೆ.

ಪ್ರೂಫ್ ನಾಣ್ಯವೆಂದರೇನು? ಉಜ್ಜಿ ಹೊಳಪುಗೊಳಿಸಿದ ಅಚ್ಚಿನಿಂದ, ಹೊಳಪುಗೊಳಿಸಿದ ಬಿಲ್ಲೆಯ ಮೇಲೆ, ಒಂದಕ್ಕಿಂತ ಹೆಚ್ಚು ಸಲ ಒತ್ತಿ ತೆಗೆದ ನಾಣ್ಯ. ಅದರ ಬಯಲು ಕನ್ನಡಿಯಂತಿರುತ್ತದೆ. ಉಬ್ಬುಚಿತ್ರ ಮಂಜು ಕವಿದಂತಿರುತ್ತದೆ. ಸಂತೆಗೆ ಹೋಗಲೆಂದು ಹುಟ್ಟಿದ್ದಲ್ಲ ಅದು. 1969ರಲ್ಲಿ ಗಾಂಧೀಜಿಯ ಜನ್ಮಶತಾಬ್ದಿಗೆ ಹೊರಟ ಹತ್ತು ರೂಪಾಯಿಯ ನಾಣ್ಯವನ್ನು ಮುಂಬಯಿಯ ಟಂಕಸಾಲೆ ಪ್ರೂಫ್ ರೂಪದಲ್ಲಿಯೂ ಅಚ್ಚುಹಾಕಿತು. 1972ರಲ್ಲಿ ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆ ಮತ್ತೊಂದು ಬಂದಿತು. ಮೊದಲನೆಯದು 15 ಗ್ರಾಂ ತೂಕ, ನೂರಕ್ಕೆ 80 ಭಾಗ ಬೆಳ್ಳಿ. ಎಂದರೆ 12 ಗ್ರಾಂ ಬೆಳ್ಳಿ. ಎರಡನೆಯದು 22.5 ಗ್ರಾಂ ತೂಗಿದರೂ ಅರ್ಧ ಮಾತ್ರ ಬೆಳ್ಳಿ, ಎಂದರೆ 11.25 ಗ್ರಾಂ. ಕೈಗೆ ಭಾರವಾದದ್ದರಲ್ಲಿಯೇ ಬೆಳ್ಳಿ ಕಡಿಮೆ. ಇದನ್ನರಿಯದೆ ತೂಕಕ್ಕೆ ಮಾರುವವನೂ ಮೋಸಹೋಗುತ್ತಾನೆ, ಕೊಳ್ಳುವವನೂ ಮೋಸಹೋಗುತ್ತಾನೆ.

ಇಂಥ ಸೆಟ್ಟುಗಳು ಎಷ್ಟು ಹೊರಟವೆಂಬ ಲೆಕ್ಕ ಟಂಕಸಾಲೆಯ ಪುಸ್ತಕದಲ್ಲಿರುತ್ತದೆ. ಎಷ್ಟು ಉಳಿದವೆಂಬ ಲೆಕ್ಕ ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ. ಇದಕ್ಕೆ ದೊಡ್ಡ ನಿದರ್ಶನವೊಂದು ನಮ್ಮ ದೇಶಕ್ಕೇ ಸಂಬಂಧಿಸಿದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಭಾರತದ ರೂಪಾಯಿಗೆ ಬೆಳ್ಳಿ ಸಾಲದಾಯಿತು. 1917ರ ನವೆಂಬರಿನಲ್ಲಿ ಒಂದು ರೂಪಾಯಿಯ ಕಾಗದದ ನೋಟು ಬಂದದ್ದು ಆಗಲೇ. ಅಮೆರಿಕ 1918ರಲ್ಲಿ ಪಿಟ್‌ಮನ್ ಕಾಯಿದೆಯನ್ನು ಮಾಡಿ ತನ್ನ ಬೆಳ್ಳಿ ಡಾಲರುಗಳಲ್ಲಿ 27 ಕೋಟಿಗೂ ಮಿಕ್ಕಿ ಕರಗಿಸಿತು; ಆ ಬೆಳ್ಳಿಯ ಬಹುಪಾಲು ಭಾರತಕ್ಕೆ ಬಂದು ರೂಪಾಯಿಯಾಯಿತು. ಯಾವ ವರ್ಷದ ಡಾಲರು ಎಷ್ಟು ಕರಗಿತೆಂದು ಯಾರೂ ಬರೆದಿಡಲಿಲ್ಲ. ಅಮೆರಿಕದ ಸಂಗ್ರಾಹಕರು ಇಂದಿಗೂ ಊಹೆಯಿಂದಲೇ ಲೆಕ್ಕ ಹಾಕುತ್ತಾರೆ. ನಮ್ಮ ಸೀಮೆಯ ಯಾವುದೋ ಗಂಟಿನಲ್ಲಿರುವ 1918ರ ಜಾರ್ಜ್ ದೊರೆಯ ರೂಪಾಯಿ ಒಂದು ಕಾಲಕ್ಕೆ ಅಲ್ಲಿಯ ಡಾಲರಾಗಿದ್ದರೂ ಆಶ್ಚರ್ಯವಿಲ್ಲ.

ಸರಕಾರ ಹೊರಡಿಸಿದ ನಾಣ್ಯವನ್ನು ಕರಗಿಸಬಾರದೆಂದು 2011ರ ನಾಣ್ಯ ಕಾಯಿದೆ ಹೇಳುತ್ತದೆ. ಆದರೆ ನಾಣ್ಯಗಳನ್ನು ಹೆಚ್ಚಾಗಿ ಕಾಯುವುದು ಕಾಯಿದೆಯಲ್ಲ, ಅವು ಇರುವ ಸ್ಥಿತಿ. ಕನ್ನಡಿಯಂಥ ಬಯಲಿನ ಮೇಲೆ ಹೆಬ್ಬೆರಳಿನ ಗುರುತು ಬಿದ್ದರೆ, ಪೆಟ್ಟಿಗೆ ಕಳೆದುಹೋದರೆ, ಸೆಟ್ಟಿನಿಂದ ಒಂದು ಬಿಲ್ಲೆ ತಪ್ಪಿದರೆ ಸಂಗ್ರಾಹಕನ ಬೆಲೆ ಇಳಿದುಹೋಗುತ್ತದೆ. ಅಲ್ಲಿಂದ ಮುಂದೆ ಅದು ಬರಿಯ ಬೆಳ್ಳಿ. ದೀಪಾವಳಿಗೆ ಬೆಳ್ಳಿಯ ಸಾಮಾನುಗಳನ್ನು ವಿಭೂತಿ ಹಚ್ಚಿ ಉಜ್ಜುವ ನಮ್ಮ ತಾಯಂದಿರ ಕೈ ನಾಣ್ಯಗಳ ಕಡೆಗೆ ಮಾತ್ರ ಹೋಗಬಾರದು. ಕಪ್ಪಾದ ನಾಣ್ಯ ಕಪ್ಪಾಗಿಯೇ ಇರಲಿ. ಹಿಡಿಯುವಾಗ ಅಂಚನ್ನು ಹಿಡಿಯಬೇಕು. ತೇವವಿಲ್ಲದ ಕಡೆ ಇಡಬೇಕು. ಮೆತ್ತನೆಯ ಪ್ಲಾಸ್ಟಿಕ್ ಚೀಲದಲ್ಲಿ ವರ್ಷಗಟ್ಟಲೆ ಬಿಡಬಾರದು.

ಇಷ್ಟು ಹೇಳಿ ಮುಗಿಸಿದರೆ ನನ್ನ ಮಾತು ಹೊಟ್ಟೆ ತುಂಬಿದವರ ಮಾತಾದೀತು. ಮಳೆ ಕೈಕೊಟ್ಟ ವರ್ಷ, ಮಗಳ ಮದುವೆ ಮುಂದಿರುವಾಗ, ಆಸ್ಪತ್ರೆಯ ಬಾಗಿಲಲ್ಲಿ ನಿಂತಾಗ ಅಜ್ಜಿಯ ಗಂಟನ್ನು ಬಿಚ್ಚದೆ ಇರಲಾಗದು. ಆಪತ್ತಿಗೆಂದೇ ಆಕೆ ಅದನ್ನು ಕಟ್ಟಿಟ್ಟಿದ್ದಳು. ಮಾರಬಾರದೆಂದು ಹೇಳಲು ನಮಗೆ ಅಧಿಕಾರವಿಲ್ಲ. ಕೇಳಿಕೊಳ್ಳಬಹುದಾದದ್ದು ಇಷ್ಟೆ: ಪತ್ತಾರರ ಅಂಗಡಿಗೆ ಹೋಗುವ ಮುನ್ನ ಗಂಟನ್ನು ಬೆಳಕಿನಲ್ಲಿ ಹರಡಿ ನೋಡಿರಿ. ಹಾಲಿಯನ್ನು ಬೇರೆ ಮಾಡಿರಿ, ಕಲ್ದಾರವನ್ನು ಬೇರೆ ಮಾಡಿರಿ. 1940ರಿಂದ ಕಲ್ದಾರದಲ್ಲಿ ಬೆಳ್ಳಿ ಅರ್ಧಕ್ಕೆ ಇಳಿದು, 1947ರಲ್ಲಿ ಅದು ಪೂರ್ತಿ ನಿಕ್ಕಲ್ ಆಯಿತೆಂಬುದು ನೆನಪಿರಲಿ. ನಾಣ್ಯ ಬಲ್ಲವರೊಬ್ಬರಿಗೆ ತೋರಿಸಿರಿ; ಅವರು ಕೊಡುವ ಬೆಲೆ ತಕ್ಕಡಿಯ ಬೆಲೆಗಿಂತ ಹೆಚ್ಚಿದ್ದರೆ ನಿಮಗೂ ಲಾಭ, ನಾಣ್ಯಕ್ಕೂ ಜೀವದಾನ.

ಕೊನೆಗೆ ಒಂದೊಂದು ಬಗೆಯಲ್ಲಿ ಒಂದನ್ನಾದರೂ ಉಳಿಸಿಕೊಳ್ಳಿರಿ. ಒಂದು ಚೀಟಿಯ ಮೇಲೆ ಇದು ಯಾರು ಇಟ್ಟದ್ದು, ಯಾವಾಗ ಬಂದದ್ದು ಎಂದು ಬರೆದು ಜೊತೆಯಲ್ಲಿಡಿರಿ. ಬೋನಾಳದ ಕೆರೆಯಿಂದ ಹಾರಿಹೋದ ಹಕ್ಕಿಯನ್ನು ಮರುವರ್ಷ ಎದುರುನೋಡಬಹುದು. ಮೂಸೆಗೆ ಹೋದ ನಾಣ್ಯವನ್ನು ಹಾಗೆ ಎದುರುನೋಡುವಂತಿಲ್ಲ.