ಸಾವಿಲ್ಲದ ಕತ್ತಿವೀರ

ಬೇಸಗೆಯ ರಜಕ್ಕೆ ಜಾವಗಲ್ಲಿನ ನಮ್ಮ ಮನೆಗೆ ಬಂದ ತಂಗಿಯ ಮಗ ಚಿತ್ರಕಥೆಯ ಪುಸ್ತಕವೊಂದನ್ನು ತಂದಿದ್ದ. ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 2006ರಿಂದ 2010ರವರೆಗೆ ಬಂದ ‘ಹೀರೋಸ್’ ಧಾರಾವಾಹಿಯ ಬೆನ್ನಿಗೇ, ವಾರಕ್ಕೊಂದರಂತೆ ವಾಹಿನಿಯ ಜಾಲತಾಣದಲ್ಲಿ ಹೊರಟು, ಅನಂತರ ಪುಸ್ತಕರೂಪ ಪಡೆದ ಕಥೆಗಳವು. ತೆರೆಯ ಮೇಲೆ ಹೇಳಲು ಪುರಸೊತ್ತಿಲ್ಲದ ಉಪಕಥೆಗಳಿಗೆ ಅಲ್ಲಿ ಎಡೆ.

ಅಲ್ಲಿಯೇ ಟಕೆಜೊ ಕೆನ್ಸೆ ಎಂಬ ಕತ್ತಿವೀರನ ಪರಿಚಯ ನನಗಾದುದು. ಬಾಲ್ಯದಿಂದ ಅವನ ಕಥೆ ಕೇಳಿ ಬೆಳೆದ ಹಿರೊ ನಕಮುರ ಕಾಲವನ್ನು ದಾಟಿ 1671ರ ಜಪಾನಿಗೆ ಹೋಗಿ ನೋಡಿದರೆ, ಆ ಮಹಾಶೂರ ಇಂಗ್ಲೆಂಡಿನಿಂದ ಬಂದ ಒಬ್ಬ ಕುಡುಕ! ಆದರೂ ಮೈಗೆ ಬಾಣ ನೆಟ್ಟರೆ ಗಾಯ ನೋಡುನೋಡುತ್ತಲೇ ಮಾಯುತ್ತದೆ; ಅವನಿಗೆ ಮುಪ್ಪಿಲ್ಲ. ಮೂರನೆಯ ಭಾಗದಲ್ಲಿ ಮಾತ್ರ ಬೇರೊಬ್ಬನು ಆ ಶಕ್ತಿಯನ್ನು ಹೀರಿಕೊಂಡಾಗ, ಶತಮಾನಗಳ ಮುಪ್ಪು ಒಮ್ಮೆಗೇ ಮೇಲೆ ಬಿದ್ದು ಅವನು ಧೂಳಾಗುತ್ತಾನೆ.

“ಮಾವ, ನಮ್ಮಲ್ಲಿ ಇಂಥವರು ಯಾರೂ ಇಲ್ಲವೆ?” ಎಂದ ಹುಡುಗ.

“ಅಶ್ವತ್ಥಾಮನಿದ್ದಾನಲ್ಲ” ಎಂದೆ. ಶಿವನಿತ್ತ ಖಡ್ಗವನ್ನು ಹಿಡಿದು ಇರುಳಿನಲ್ಲಿ ಪಾಂಡವರ ಪಾಳೆಯವನ್ನು ಹೊಕ್ಕವನು, ಚಿರಂಜೀವಿ. ಹೇಳುವಾಗಲೇ ನನಗೆ ಹೊಳೆಯಿತು: ಅವನ ಹಣೆಯ ಗಾಯ ಎಂದೂ ಮಾಯುವುದಿಲ್ಲವಷ್ಟೆ. ಅಲ್ಲಿ ಅಮರತ್ವ ವರವಾದರೆ ಇಲ್ಲಿ ಶಿಕ್ಷೆ. ಹುಡುಗನಿಗೆ ಇದು ರುಚಿಸಲಿಲ್ಲ.

ಮರುದಿನ ಬಸ್ಸು ಹತ್ತಿ ಹಳೇಬೀಡಿಗೆ ಹೋದೆವು. ಹೊಯ್ಸಳೇಶ್ವರ ದೇವಾಲಯದ ಬಳಿಯ ಗರುಡಸ್ತಂಭವನ್ನು ಅವನಿಗೆ ತೋರಿಸಬೇಕೆಂದಿದ್ದೆ. ಇಮ್ಮಡಿ ವೀರಬಲ್ಲಾಳನು 1220ರಲ್ಲಿ ತೀರಿಕೊಂಡಾಗ, ದಂಡನಾಯಕ ಕುವರ ಲಕ್ಷ್ಮನೂ ಅವನ ಮಡದಿಯೂ ಸಾವಿರ ಮಂದಿ ಅನುಚರರೂ ಕೊಟ್ಟ ಭಾಷೆಯಂತೆ ಪ್ರಾಣವಿತ್ತರೆಂದು ಅದರ ಶಾಸನ ಸಾರುತ್ತದೆ. ಕಂಬದ ಮೇಲೆ ತಮ್ಮ ಕತ್ತಿಯಿಂದ ತಮ್ಮ ತಲೆಯನ್ನೇ ಅರಿದುಕೊಳ್ಳುವ ವೀರರಿದ್ದಾರೆ. ಇದನ್ನು ಸ್ವಾಮಿಭಕ್ತಿಯೆಂದು ತರಗತಿಯಲ್ಲಿ ಎಷ್ಟೋ ವರ್ಷ ಬಣ್ಣಿಸಿದವನು ನಾನು. “ಆ ಸಾವಿರ ಮಂದಿಯ ಹೆಸರೇನು?” ಎಂದು ಹುಡುಗ ಕೇಳಿದಾಗ ಬಾಯಿ ಕಟ್ಟಿತು.

ಹಿಂದಿರುಗುವಾಗ ಅವನಿಗೆ ವೀರಗಲ್ಲಿನ ಕ್ರಮವನ್ನು ಹೇಳಿದೆ. ಅದು ಕೆಳಗಿನಿಂದ ಮೇಲಕ್ಕೆ ಓದಬೇಕಾದ ಚಿತ್ರಕಥೆ. ಸಾಮಾನ್ಯವಾಗಿ ಮೂರು ಪಟ್ಟಿಕೆ: ಕೆಳಗೆ ಕಾಳಗ, ತುರುಗಳನ್ನು ಬಿಡಿಸಲು ಹೋದವನ ಕತ್ತಿವರಿಸೆ, ನಡುವೆ ಅಪ್ಸರೆಯರು ಅವನನ್ನು ಹಿಡಿದೊಯ್ಯುವುದು, ಮೇಲೆ ಶಿವಲಿಂಗದ ಸನ್ನಿಧಿ. ಪಟ್ಟಿಕೆಗಳ ನಡುವಣ ಅಂಚಿನಲ್ಲಿ, ಶಾಸನವಿದ್ದರೆ, ಹೆಸರು. ಆತಕೂರಿನಲ್ಲಿ ಹಂದಿಯೊಡನೆ ಸೆಣಸಿ ಸತ್ತ ಕಾಳಿಯೆಂಬ ನಾಯಿಗೂ ಹತ್ತನೆಯ ಶತಮಾನದಲ್ಲಿ ಕಲ್ಲು ನಿಂತಿತು. ಕೆನ್ಸೆ ಸಾಯದೆ ಅಮರ. ನಮ್ಮವನು ಸತ್ತಮೇಲೆ ಅಮರ. ಸಾವು ಮೊದಲನೆಯ ಚಿತ್ರದಲ್ಲೇ ಮುಗಿದುಹೋಗುತ್ತದೆ.

“ನಮ್ಮ ಬಾವಿಕಟ್ಟೆಯ ಬಳಿ ಅಂಥದೊಂದು ಇದೆಯಲ್ಲ, ಮಾವ!” ಎಂದ.

ಇತ್ತು. ನಮ್ಮ ತಾಯಿ ನಲವತ್ತು ವರ್ಷ ಬಟ್ಟೆ ಒಗೆದ ಕಲ್ಲು. ಹುಡುಗನಾಗಿದ್ದಾಗ ನಾನು ಕುಡುಗೋಲು ಮಸೆಯುತ್ತಿದ್ದುದೂ ಅದರ ಮೇಲೆಯೆ. ಸಂಜೆ ತೆಂಗಿನ ನಾರಿನಿಂದ ಪಾಚಿಯನ್ನು ಉಜ್ಜಿ, ನೀರೆರೆದು, ಓರೆಬೆಳಕಿನಲ್ಲಿ ನೋಡಿದೆವು. ಕೆಳಗೆ ಹಸುವೊಂದರ ಕೊಂಬು ಕಂಡಿತು. ಅಕ್ಷರಗಳಿರಬೇಕಾದ ಅಂಚಿನಲ್ಲಿ ನನ್ನ ಕುಡುಗೋಲು ಕೊರೆದ ಹಳ್ಳ, ನುಣ್ಣಗೆ, ಬೆರಳು ಕೂರುವಷ್ಟು. ನಡುವಣ ಪಟ್ಟಿಕೆಯಲ್ಲಿ ಎರಡು ಕಡೆಯಿಂದಲೂ ಚಾಚಿದ ಅಪ್ಸರೆಯರ ಕೈಗಳು ಉಳಿದಿದ್ದುವು. ಅವರು ಹಿಡಿದೊಯ್ಯುತ್ತಿದ್ದವನು ಸವೆದುಹೋಗಿದ್ದ.

ಹುಡುಗ ಏನೂ ಕೇಳಲಿಲ್ಲ. ಕಲ್ಲನ್ನೆತ್ತಿ ಗೋಡೆಗೆ ನಿಲ್ಲಿಸಲು ನಾಲ್ಕಾಳು ಬೇಕಾಯಿತು. ಬಟ್ಟೆಗೆ ಬೇರೆ ಕಲ್ಲು ಹಾಕಿಸಿದ್ದೇನೆ.