ಕತ್ತರಿಗೆ ಮುನ್ನ ಅಳತೆಪಟ್ಟಿ

ಕಾಗದ ಕತ್ತರಿಸಿ, ಮಡಚಿ, ಅಂಟಿಸಿ ಕೋಟೆಯನ್ನೋ ರೈಲನ್ನೋ ಉಪಗ್ರಹವನ್ನೋ ಕಟ್ಟುವುದು ಮಕ್ಕಳಾಟವೆಂದೇ ಹಲವರ ಎಣಿಕೆ. ಶಾಲೆಯ ವಸ್ತುಪ್ರದರ್ಶನಕ್ಕೆ ಎರಡೇ ದಿನ ಉಳಿದಿರುವಾಗ ಆ ಎಣಿಕೆ ತಲೆಕೆಳಗಾಗುತ್ತದೆ. ವಿನ್ಯಾಸಗಳ ಸಿ.ಡಿ. ಹಿಡಿದು ಕೆಂಭಾವಿಯಿಂದ ಸುರಪುರಕ್ಕೋ, ಗೋಗಿಯಿಂದ ಶಹಾಪುರಕ್ಕೋ, ಸೈದಾಪುರದಿಂದ ಯಾದಗಿರಿಗೋ ಬಸ್ಸು ಹತ್ತಿದ ವಿದ್ಯಾರ್ಥಿ, ಅಂಗಡಿಯಲ್ಲಿ ಬಣ್ಣದ ಹಾಳೆಗಳನ್ನು ಮುದ್ರಿಸಿಕೊಂಡು ಮನೆಗೆ ಬರುತ್ತಾನೆ. ರಾತ್ರಿಯೆಲ್ಲ ಕತ್ತರಿಸುತ್ತಾನೆ. ಕೊನೆಗೆ ನೋಡಿದರೆ ಬುರುಜಿನ ಮೇಲೆ ಮುಚ್ಚಳ ಕೂಡುವುದಿಲ್ಲ!

'ನನಗ ಬರಂಗಿಲ್ಲ ಬಿಡು' ಎಂದು ಹುಡುಗ ಕೈಚೆಲ್ಲುತ್ತಾನೆ. ಮರುದಿನ ತಂದೆ ಪೇಟೆಯಿಂದ ಸಿದ್ಧ ಮಾದರಿಯೊಂದನ್ನು ಕೊಂಡು ತರುತ್ತಾರೆ. ಹಣ, ಬಸ್ಸಿನ ದರ, ಒಂದು ರಾತ್ರಿಯ ನಿದ್ದೆ ಹೋದದ್ದು ಹಾಗಿರಲಿ. ತನ್ನ ಕೈಗೆ ಆ ಕೆಲಸ ಒಲಿಯದು ಎಂಬ ತೀರ್ಮಾನ ಹುಡುಗನ ಮನಸ್ಸಿನಲ್ಲಿ ಉಳಿಯುತ್ತದೆ. ನಿಜದಲ್ಲಿ ತಪ್ಪು ಕೈಯದಲ್ಲ, ಮುದ್ರಣದ್ದು. ಒಂದು ಅಳತೆಪಟ್ಟಿ ಇದ್ದಿದ್ದರೆ ಅದು ಅಂಗಡಿಯ ಕಟ್ಟೆಯ ಮೇಲೆಯೇ ತಿಳಿಯುತ್ತಿತ್ತು.

ಅರ್ಜಿಯ ಯಂತ್ರ, ಮಾದರಿಯ ಕೆಲಸ

ಅಂಗಡಿಯವರನ್ನು ದೂರಿ ಫಲವಿಲ್ಲ. ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಮುದ್ರಣವಾಗುವುದು ಅರ್ಜಿ, ಪಹಣಿ, ಆಧಾರ್, ಅಂಕಪಟ್ಟಿ. ಇಂಥ ಕಾಗದಗಳನ್ನು ಓದಿದರೆ ಸಾಕು. ಅಕ್ಷರ ನೂರಕ್ಕೆ ಮೂರರಷ್ಟು ಚಿಕ್ಕದಾದರೆ ಯಾರಿಗೂ ನಷ್ಟವಿಲ್ಲ. ಆದ್ದರಿಂದ ಹಾಳೆಯೊಳಗೆ ಎಲ್ಲವೂ ಹಿಡಿಯುವಂತೆ ಕುಗ್ಗಿಸುವ, ಕಾಗದ ಉಳಿಸಲು ಎರಡೂ ಬದಿ ಮುದ್ರಿಸುವ, ಶಾಯಿ ಉಳಿಸಲು ತೆಳುವಾಗಿ ಹೊಡೆಯುವ ಹೊಂದಾಣಿಕೆಗಳೇ ಯಂತ್ರದಲ್ಲಿ ಸದಾ ಇರುತ್ತವೆ. ಅರ್ಜಿಗೆ ಇವೆಲ್ಲ ಅನುಕೂಲ. ಅಳತೆಯನ್ನೇ ನಂಬಿ ನಿಂತ ಕಾಗದದ ಮಾದರಿಗೆ ಇವು ಮೂರೂ ಶತ್ರು.

ಘನಾಕೃತಿಯನ್ನು ಬಿಡಿಸಿ ಹಾಳೆಯ ಮೇಲೆ ಹರಡಿ ತೋರಿಸುವ ವಿದ್ಯೆ ಹೊಸದೇನಲ್ಲ. ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1525ರಲ್ಲಿ ಪ್ರಕಟಿಸಿದ ಅಳತೆಶಾಸ್ತ್ರದ ಪುಸ್ತಕದಲ್ಲಿಯೇ ಇಂಥ ಜಾಲಾಕೃತಿಗಳಿವೆ. ಒಂದು ಘನವನ್ನು ಹೀಗೆ ಬಿಡಿಸಲು 11 ಬೇರೆ ಬೇರೆ ವಿಧಗಳಿವೆ ಎಂಬುದನ್ನು ಗಣಿತದ ವಿದ್ಯಾರ್ಥಿಗಳು ತಾವೇ ಬರೆದು ನೋಡಬಹುದು. ಡ್ಯೂರರನ ಓದುಗ ಅಳತೆಪಟ್ಟಿ, ಕೈವಾರ ಹಿಡಿದು ಗೆರೆ ಎಳೆಯಬೇಕಿತ್ತು. ಇಂದು ಆ ಗೆರೆಯನ್ನು ಕಂಪ್ಯೂಟರ್ ಎಳೆದುಕೊಡುತ್ತದೆ. ಸರಿಯಾಗಿ ಎಳೆಯಿತೇ ಎಂದು ನೋಡುವ ಕೆಲಸ ಮಾತ್ರ ಮನುಷ್ಯನದಾಗಿಯೇ ಉಳಿದಿದೆ.

ಸಿ.ಡಿ. ತೆರೆಯದಿದ್ದರೆ

ಮೊದಲ ತೊಡಕು ಸಿ.ಡಿ.ಯದೇ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲ. ಹಳೆಯ ಕಂಪ್ಯೂಟರ್ ಇರುವ ಶಾಲೆ ಅಥವಾ ಅಂಗಡಿಯಲ್ಲಿ ಅದನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಬೇಕು. ಇಲ್ಲಿ ಮಕ್ಕಳು ಪದೇ ಪದೇ ಮಾಡುವ ತಪ್ಪೊಂದಿದೆ. ಪರದೆಯ ಮೇಲೆ ಕಾಣುವ ಶಾರ್ಟ್‌ಕಟ್ ಚಿತ್ರವನ್ನಷ್ಟೇ ನಕಲು ಮಾಡಿಕೊಂಡು ಹೊರಡುತ್ತಾರೆ. ಅದು ಮನೆಯ ವಿಳಾಸದ ಚೀಟಿ ಇದ್ದಂತೆ, ಮನೆಯಲ್ಲ. ಸಿ.ಡಿ.ಯೊಳಗಿನ ಫೋಲ್ಡರ್‌ಗಳನ್ನು ಇಡಿಯಾಗಿ ನಕಲು ಮಾಡಬೇಕು. ಅಲ್ಲಿಂದ ಏಳುವ ಮೊದಲು ಪೆನ್‌ಡ್ರೈವ್‌ನಿಂದಲೇ ಒಂದು ಕಡತ ತೆರೆದು ನೋಡಬೇಕು.

ಸಿ.ಡಿ. ಓದದಿದ್ದರೆ ಮೆತ್ತನೆಯ ಒಣಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ಸುತ್ತ ತಿರುಗಿಸಿ ಅಲ್ಲ. ಹೆಸರು ಮುದ್ರಿಸಿರುವ ಮೇಲ್ಬದಿಯನ್ನು ಗೀರದಂತೆ ಇನ್ನೂ ಜೋಪಾನ ಮಾಡಬೇಕು, ಸಿ.ಡಿ.ಯಲ್ಲಿ ಮಾಹಿತಿಯ ಪದರ ಇರುವುದು ಆ ಬದಿಗೆ ಹತ್ತಿರದಲ್ಲಿ. ಅದು ಡಿ.ವಿ.ಡಿ. ಆಗಿದ್ದು ಡ್ರೈವ್ ಬರಿಯ ಸಿ.ಡಿ.ಯದಾಗಿದ್ದರೆ ಎಷ್ಟು ಒರೆಸಿದರೂ ಓದದು.

ಸಿ.ಡಿ. ತೆರೆದರೂ ಒಳಗಿನ ಬಣ್ಣಬಣ್ಣದ ಮೆನು ಬಾರದಿರುವುದುಂಟು. ಹಳೆಯ ಸಿ.ಡಿ.ಗಳ ಎಷ್ಟೋ ಮೆನುಗಳು ಫ್ಲ್ಯಾಶ್ ಎಂಬ ತಂತ್ರಾಂಶವನ್ನು ನೆಚ್ಚಿದ್ದವು. ಅದನ್ನು ರೂಪಿಸುತ್ತಿದ್ದ ಅಡೋಬಿ ಸಂಸ್ಥೆ 2020ರ ಡಿಸೆಂಬರ್ 31ಕ್ಕೆ ಅದರ ಬೆಂಬಲ ನಿಲ್ಲಿಸಿತು. 90ರ ದಶಕದ 16 ಬಿಟ್ ತಂತ್ರಾಂಶಗಳು ಇಂದಿನ 64 ಬಿಟ್ ವಿಂಡೋಸ್‌ನಲ್ಲಿ ನಡೆಯುವುದೇ ಇಲ್ಲ. ಹಾಗೆಂದು ಸಿ.ಡಿ.ಯನ್ನು ಎಸೆಯಬೇಕಿಲ್ಲ. ಮೆನು ಬಿಟ್ಟು ನೇರವಾಗಿ ಫೋಲ್ಡರ್‌ಗಳೊಳಗೆ ಹುಡುಕಿದರೆ ಪಿ.ಡಿ.ಎಫ್. ಅಥವಾ ಜೆ.ಪಿ.ಜಿ. ರೂಪದ ವಿನ್ಯಾಸಗಳು ಹಲವು ಬಾರಿ ಸಿಕ್ಕುತ್ತವೆ. ಹೆಸರಿನ ಕೊನೆಗೆ ಪಿ.ಡಿ.ಒ. ಎಂದಿದ್ದರೆ ಅದು ಜಪಾನಿನ ಪೆಪಾಕುರಾ ತಂತ್ರಾಂಶದ ಕಡತ. ಅದನ್ನು ನೋಡಲು, ಮುದ್ರಿಸಲು ಉಚಿತ ವ್ಯೂವರ್ ಇದೆ.

ಎರಡು ರೂಪಗಳೂ ಇದ್ದಲ್ಲಿ ಪಿ.ಡಿ.ಎಫ್. ಆರಿಸುವುದೇ ಮೇಲು. ಅದರಲ್ಲಿ ಪುಟದ ಅಳತೆ ಸೇರಿಯೇ ಇರುತ್ತದೆ. ಬರಿಯ ಚಿತ್ರದ ಕಡತವನ್ನು ಹಾಗೆಯೇ ಮುದ್ರಿಸಿದರೆ ತಂತ್ರಾಂಶ ಅದನ್ನು ಹಾಳೆಗೆ ತುಂಬುವಂತೆ ಹಿಗ್ಗಿಸಿ ಅಂಚುಗಳನ್ನು ಕತ್ತರಿಸಿಬಿಡಬಹುದು. ಇದೇ ಕಾರಣಕ್ಕೆ ವಿನ್ಯಾಸದ ಪುಟವನ್ನು ಮೊಬೈಲಿನಲ್ಲಿ ಫೋಟೋ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದು ಬೇಡ. ಅಳತೆಯೂ ಹೋಗುತ್ತದೆ, ಗೆರೆಗಳೂ ಮಸುಕಾಗುತ್ತವೆ. ಕಳಿಸಲೇಬೇಕಾದರೆ ಮೂಲ ಕಡತವನ್ನೇ 'ಡಾಕ್ಯುಮೆಂಟ್' ಆಗಿ ಕಳಿಸಬೇಕು.

ಕನ್ನಡ ಅಕ್ಷರ ಕೆಟ್ಟರೆ

ಭಾಗಗಳ ಹೆಸರು, ಮಡಿಕೆಯ ಸೂಚನೆಗಳನ್ನು ವಿದ್ಯಾರ್ಥಿಗಳು ಕನ್ನಡದಲ್ಲಿ ಸೇರಿಸುವುದುಂಟು. ಶಾಲೆಯ ಕಂಪ್ಯೂಟರಿನಲ್ಲಿ 'ಇಲ್ಲಿ ಅಂಟಿಸಿ' ಎಂದಿದ್ದುದು ಅಂಗಡಿಯ ಪರದೆಯಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗುತ್ತದೆ. ಇದು ವೈರಸ್ ಕಾಟವಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ, 1998ರಲ್ಲಿ ಬಂದ ಬರಹ ಮುಂತಾದವುಗಳ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಅದೇ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಮೂಲದ ಇಂಗ್ಲಿಷ್ ಅಕ್ಷರಗಳೇ ಹೊರಬೀಳುತ್ತವೆ. 1991ರಿಂದಲೇ ಕನ್ನಡಕ್ಕೆ ಸ್ಥಾನ ಕೊಟ್ಟಿರುವ ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡಿದರೆ ಈ ತೊಂದರೆ ಇಲ್ಲ. ಹಳೆಯ ಕಡತವಾದರೆ ಅಕ್ಷರ ಸರಿಯಾಗಿ ಕಾಣುವ ಕಂಪ್ಯೂಟರಿನಲ್ಲಿಯೇ ಅದನ್ನು ಪಿ.ಡಿ.ಎಫ್. ಮಾಡಿಕೊಂಡು ಒಯ್ಯಬೇಕು.

ನೂರಕ್ಕೆ ನೂರು

ಇನ್ನು ಮುಖ್ಯ ಸಂಗತಿ. ಇಲ್ಲಿನ ಅಂಗಡಿಗಳಲ್ಲಿ ಸಿಗುವ ಎ4 ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ಅಮೆರಿಕದವರು ಬಳಸುವ 'ಲೆಟರ್' ಹಾಳೆ ಸುಮಾರು 216 ಮಿ.ಮೀ. ಅಗಲ, 279 ಮಿ.ಮೀ. ಉದ್ದ. ಸಿ.ಡಿ.ಯ ವಿನ್ಯಾಸ ಲೆಟರ್ ಹಾಳೆಯದಾಗಿದ್ದು 'ಫಿಟ್' ಎಂಬ ಆಯ್ಕೆಯಿಂದ ಎ4ಗೆ ಮುದ್ರಿಸಿದರೆ ಆಕೃತಿ ಸುಮಾರು ನೂರಕ್ಕೆ 97ಕ್ಕೆ ಇಳಿಯುತ್ತದೆ. ವಿನ್ಯಾಸ ಎ4 ಆಗಿದ್ದು ಪ್ರಿಂಟರ್ ತಪ್ಪಾಗಿ ಲೆಟರ್‌ಗೆ ಹೊಂದಿಕೊಂಡಿದ್ದರೆ 94ಕ್ಕೆ ಇಳಿಯುತ್ತದೆ.

ಯಾದಗಿರಿಯ ಬೆಟ್ಟದ ಮೇಲಿನ ಕೋಟೆಯನ್ನೇ ಮಾದರಿಯಾಗಿ ಕಟ್ಟುವ ವಿದ್ಯಾರ್ಥಿಯನ್ನು ನೆನೆಯೋಣ. ಬುರುಜಿನ ಮುಚ್ಚಳದ ವ್ಯಾಸ 50 ಮಿ.ಮೀ. ಆದರೆ ಅದರ ಗೋಡೆಯ ಪಟ್ಟಿ 157 ಮಿ.ಮೀ. ಉದ್ದವಿರಬೇಕು, ವೃತ್ತದ ಪರಿಧಿಯ ಸೂತ್ರ ಹೇಳುವುದು ಅದನ್ನೇ. ಪಟ್ಟಿಯ ಹಾಳೆ ಮಾತ್ರ 97ಕ್ಕೆ ಕುಗ್ಗಿ ಬಂದರೆ ಪಟ್ಟಿ 152 ಮಿ.ಮೀ. ಆಗುತ್ತದೆ, ಅದನ್ನು ಸುತ್ತಿದಾಗ ವ್ಯಾಸ 48.5 ಮಿ.ಮೀ.ಗೆ ಬರುತ್ತದೆ. 50ರ ಮುಚ್ಚಳ ಅದರಲ್ಲಿ ಕೂಡುವುದಾದರೂ ಹೇಗೆ?

ಎಲ್ಲ ಹಾಳೆಗಳೂ ಒಂದೇ ಪ್ರಮಾಣದಲ್ಲಿ ಕುಗ್ಗಿದ್ದರೆ ಕೋಟೆ ತುಸು ಚಿಕ್ಕದಾಗುತ್ತಿತ್ತು, ಆದರೆ ಕೂಡುತ್ತಿತ್ತು. ಕೆಡುವುದು ಹಾಳೆಗಳು ಬೇರೆ ಬೇರೆ ಪ್ರಮಾಣದಲ್ಲಿ ಬಂದಾಗ. ನಾಲ್ಕು ಹಾಳೆ ಯಾದಗಿರಿಯ ಅಂಗಡಿಯಲ್ಲಿ ಮುದ್ರಿಸಿ, ಹಾಳಾದ ಐದನೆಯದನ್ನು ಮರುದಿನ ಶಹಾಪುರದಲ್ಲಿ ಮುದ್ರಿಸಿದಾಗ ಆಗುವುದು ಇದೇ. ಬಲ್ಬು, ಬ್ಯಾಟರಿ, ಮಸೂರ ಮುಂತಾದ ನಿಜವಸ್ತುವನ್ನು ಒಳಗೆ ಕೂರಿಸುವ ಮಾದರಿಯಲ್ಲಿ ಮಾತ್ರ ಸಮಾನವಾಗಿ ಕುಗ್ಗಿದರೂ ತೊಂದರೆಯೇ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಸಂಗಡಿಗರು 2014ರಲ್ಲಿ ಪ್ರಬಂಧದ ಮೂಲಕ ವಿವರಿಸಿದ ಫೋಲ್ಡ್‌ಸ್ಕೋಪ್ ಎಂಬ ಸೂಕ್ಷ್ಮದರ್ಶಕ ಮಡಚಿದ ಕಾಗದದ್ದೇ. ಕಾಗದವನ್ನು ಅಳತೆಗೆ ಸರಿಯಾಗಿ ಮಡಚಿದ್ದರಿಂದಲೇ ಅದರ ಪುಟ್ಟ ಮಸೂರ ತನ್ನ ಜಾಗದಲ್ಲಿ ನಿಲ್ಲುತ್ತದೆ.

ಪರಿಹಾರ ಸುಲಭ. ಮುದ್ರಣದ ಕಿಟಕಿಯಲ್ಲಿ 'ಫಿಟ್' ಅಥವಾ 'ಶ್ರಿಂಕ್' ಬದಲು 'ಆ್ಯಕ್ಚುಯಲ್ ಸೈಜ್' ಅಥವಾ '100%' ಆರಿಸಬೇಕು. ಕಾಗದದ ಹೆಸರು ಎ4 ಎಂದಿರಬೇಕು. ಮೊದಲು ಒಂದೇ ಪುಟವನ್ನು ಕಪ್ಪುಬಿಳುಪಿನಲ್ಲಿ ತೆಗೆಸಬೇಕು. ಅಳತೆ ಬರೆದಿರುವ ಒಂದು ಗೆರೆಯ ಮೇಲೆ ಪಟ್ಟಿ ಇಟ್ಟು ನೋಡಬೇಕು. 100 ಮಿ.ಮೀ. ಎಂದಿರುವುದು 100 ಇದ್ದರೆ ಮಾತ್ರ ಬಣ್ಣದ ಮುದ್ರಣಕ್ಕೆ ಮುಂದುವರಿಯಬೇಕು. 'ಅಣ್ಣಾ, ನೂರಕ್ಕೆ ನೂರು ಇಡ್ರಿ, ಹಾಳಿ ಎ4, ಒಂದೇ ಮಗ್ಗಲಿಗೆ ಹೊಡೀರಿ' ಎಂದು ವಿದ್ಯಾರ್ಥಿ ಹೇಳಿದರೆ ಸಾಕು, ಅಂಗಡಿಯವರಿಗೆ ಅರ್ಥವಾಗುತ್ತದೆ.

ಒಂದೇ ಮಗ್ಗಲು ಏಕೆ? ಎರಡೂ ಬದಿ ಮುದ್ರಿಸಿದರೆ ಮೊದಲ ಪುಟದ ಗೋಡೆಯ ಬೆನ್ನಿಗೆ ಎರಡನೆಯ ಪುಟದ ಛಾವಣಿ ಬಂದಿರುತ್ತದೆ. ಒಂದನ್ನು ಕತ್ತರಿಸಿದರೆ ಇನ್ನೊಂದು ಚೂರಾಗುತ್ತದೆ. ಹಾಗೆಯೇ ಬಹಳಷ್ಟು ಪ್ರಿಂಟರ್‌ಗಳು ಹಾಳೆಯ ಅಂಚಿನ ಕೆಲವು ಮಿಲಿಮೀಟರ್ ಜಾಗದಲ್ಲಿ ಮುದ್ರಿಸಲಾರವು. ಅಂಟು ಹಚ್ಚುವ ಪಟ್ಟಿ ಅಂಚಿಗೆ ತಾಗಿದ್ದರೆ ಅದು ಮಾಯವಾಗಿರುತ್ತದೆ. ಪರೀಕ್ಷಾ ಪುಟದಲ್ಲಿ ಇದನ್ನೂ ಕಾಣಬಹುದು. ಶಾಯಿ ಉಳಿಸುವ 'ಡ್ರಾಫ್ಟ್' ಮುದ್ರಣದಲ್ಲಿ ಮಡಿಕೆಯ ಚುಕ್ಕೆಗೆರೆಗಳು ಅಳಿಸಿದಂತೆ ಬರುತ್ತವೆ. ಚಿತ್ರದ ಅರ್ಧಭಾಗವೇ ಬಾರದಿದ್ದರೆ ಅಡೋಬಿ ರೀಡರ್‌ನ 'ಅಡ್ವಾನ್ಸ್‌ಡ್' ಗುಂಡಿಯಡಿ ಇರುವ 'ಪ್ರಿಂಟ್ ಆ್ಯಸ್ ಇಮೇಜ್' ಆಯ್ಕೆಯನ್ನು ಪ್ರಯತ್ನಿಸಬಹುದು.

ಕಾಗದ, ಶಾಯಿ, ಕರೆಂಟು

ಅರ್ಜಿಯ ಹಾಳೆ 75 ಅಥವಾ 80 ಜಿ.ಎಸ್.ಎಂ.; ಅಂದರೆ ಒಂದು ಚದರ ಮೀಟರ್ ಕಾಗದದ ತೂಕ ಅಷ್ಟು ಗ್ರಾಂ. ಅದರಲ್ಲಿ ಕಟ್ಟಿದ ಗೋಡೆ ಬಾಗುತ್ತದೆ. 160ರಿಂದ 200ರ ಹಾಳೆ ಮಾದರಿಗೆ ತಕ್ಕದ್ದು. ದಪ್ಪ ಹಾಳೆಯನ್ನು ಕೈಯಿಂದ ಒಂದೊಂದಾಗಿ ಹಾಕುವ ತಟ್ಟೆಯ ಮೂಲಕ ಕಳಿಸಬೇಕು. ಲೇಸರ್ ಪ್ರಿಂಟರ್‌ನಲ್ಲಿ ಕಾಗದದ ಬಗೆಯನ್ನು 'ದಪ್ಪ' ಎಂದು ಆರಿಸದಿದ್ದರೆ ಪುಡಿಶಾಯಿ ಸರಿಯಾಗಿ ಬೇಯದೆ ಮಡಿಕೆಯಲ್ಲಿ ಉದುರುತ್ತದೆ. ಇಂಕ್‌ಜೆಟ್‌ಗೆಂದು ತಯಾರಾದ ಹೊಳಪಿನ ಫೋಟೋ ಹಾಳೆಯನ್ನು ಮಾತ್ರ ಲೇಸರ್ ಯಂತ್ರಕ್ಕೆ ಹಾಕಲೇಬಾರದು. ಅದರ ಲೇಪ ಶಾಖಕ್ಕೆ ಕರಗಿ ಯಂತ್ರಕ್ಕೆ ಅಂಟಿಕೊಳ್ಳಬಹುದು. ಇಂಕ್‌ಜೆಟ್ ಮುದ್ರಣವಾದರೆ ಶಾಯಿ ಚೆನ್ನಾಗಿ ಒಣಗುವವರೆಗೆ ಕಾಯಬೇಕು, ನೀರಿನಂಶವಿರುವ ಅಂಟನ್ನು ತೆಳುವಾಗಿ ಹಚ್ಚಬೇಕು. ಮಡಿಕೆಯ ಗೆರೆಯ ಮೇಲೆ ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಪಟ್ಟಿ ಹಿಡಿದು ಒಮ್ಮೆ ಎಳೆದರೆ ದಪ್ಪ ಹಾಳೆಯೂ ನೇರವಾಗಿ ಮಡಚುತ್ತದೆ.

ಮುದ್ರಣದ ನಡುವೆ ಕರೆಂಟು ಹೋಯಿತೆನ್ನಿ. ಬಂದೊಡನೆ ಮತ್ತೆ ಮತ್ತೆ 'ಪ್ರಿಂಟ್' ಒತ್ತುವುದು ಸಹಜ ಆತುರ. ಹಿಂದಿನ ಆದೇಶಗಳು ಕಂಪ್ಯೂಟರಿನ ಸರದಿಯಲ್ಲಿ ಹಾಗೆಯೇ ಕಾದಿರುತ್ತವೆ. ಒಂದು ಪ್ರತಿ ಬೇಕಾದಲ್ಲಿ ನಾಲ್ಕು ಬಂದು ನಾಲ್ಕರ ಹಣ ತೆರಬೇಕಾಗುತ್ತದೆ. ಮೊದಲು ಸರದಿಯನ್ನು ಅಳಿಸಿ, ನಂತರ ಉಳಿದ ಪುಟವನ್ನಷ್ಟೇ ಮುದ್ರಿಸಬೇಕು.

ಕೈ ಮಗುವಿನದೇ ಇರಲಿ

ಪಾಲಕರು ಮಾಡಬಹುದಾದ ಸಹಾಯ ಒಂದಿದೆ. ಕತ್ತರಿ ತಾವು ಹಿಡಿಯುವ ಬದಲು ಅಂಗಡಿಗೆ ಜೊತೆಗೆ ಹೋಗಿ, ಗದ್ದಲದ ನಡುವೆ ಮಗು ಅಳೆದು ನೋಡುವಷ್ಟು ಹೊತ್ತು ಅಂಗಡಿಯವರನ್ನು ಒಪ್ಪಿಸುವುದು. ಸಂಜೆಯ ನೂಕುನುಗ್ಗಲಿಗಿಂತ ಮಧ್ಯಾಹ್ನ ಒಳಿತು. ಕೊನೆಯ ದಿನಕ್ಕಿಂತ ಒಂದು ವಾರ ಮೊದಲು ಇನ್ನೂ ಒಳಿತು. ಪರೀಕ್ಷಾ ಪುಟದ ಬೆಲೆ ಬಣ್ಣದ ಹಾಳೆಗಳ ಬೆಲೆಯ ಮುಂದೆ ಅಲ್ಪವೇ.

ಕಿರುಚಿತ್ರಗಳಿಗೆ ಹೆಸರಾದ ಸುರಪುರದ ಸೀಮೆಗೆ ಸೂಕ್ಷ್ಮವಾದ ಕೈಗೆಲಸ ಹೊಸದಲ್ಲ. ಸಿ.ಡಿ.ಯ ಒಂದು ವಿನ್ಯಾಸವನ್ನು ಸರಿಯಾಗಿ ಮುದ್ರಿಸಿ ಕಟ್ಟಿದ ವಿದ್ಯಾರ್ಥಿ ಮುಂದಿನ ಬಾರಿ ಸಿ.ಡಿ.ಗೆ ಕಾಯಬೇಕಿಲ್ಲ. ಯಾದಗಿರಿಯ ಬುರುಜನ್ನು ತಾನೇ ಗೆರೆ ಎಳೆದು ರೂಪಿಸಬಹುದು. ರಟ್ಟಿನ ಪದರಗಳನ್ನು ಒಂದರ ಮೇಲೊಂದು ಅಂಟಿಸಿ, ಶಹಾಪುರದವರು ದಿನವೂ ನೋಡುವ ಮಲಗಿದ ಬುದ್ಧನ ಬೆಟ್ಟವನ್ನೇ ಎಬ್ಬಿಸಬಹುದು. ಆಗಲೂ ಅವನ ಕಂಪಾಸು ಪೆಟ್ಟಿಗೆಯಲ್ಲಿ ಬೇಕಾಗುವುದು ಅದೇ 15 ಸೆಂ.ಮೀ. ಅಳತೆಪಟ್ಟಿ.